ಹಳೆಯ ಜೀಪಿನ ಬ್ರೇಕ್ ಪೈಪುಗಳು

ಮಲೆನಾಡಿನ ಮನೆಗಳಲ್ಲಿ ಜೀಪೆಂಬುದು ಬರಿಯ ವಾಹನವಲ್ಲ. ಕೊಟ್ಟಿಗೆಯ ಎತ್ತುಗಳಂತೆ ಅದೂ ಸಂಸಾರಕ್ಕೆ ಸೇರಿದುದು. ತೋಟದ ಅಡಕೆಯನ್ನು ಅಂಗಳಕ್ಕೆ ತರುವುದೂ, ಮಕ್ಕಳನ್ನು ಶಾಲೆಯ ಬಸ್ಸಿಗೆ ಮುಟ್ಟಿಸುವುದೂ, ನಡುರಾತ್ರಿಯಲ್ಲಿ ಬೇನೆ ತಿನ್ನುವವರನ್ನು ಆಸ್ಪತ್ರೆಗೆ ಇಳಿಸುವುದೂ ಅದೇ ಗಾಡಿ. ಇಂಥ ಜೀಪುಗಳಲ್ಲಿ ಮೂವತ್ತು ನಲವತ್ತು ವರ್ಷ ದಾಟಿದವು ಎಷ್ಟೋ ಇವೆ. ಎಂಜಿನ್ನು ಹೊಗೆಯುಗುಳಿದರೆ, ಟಯರು ಸವೆದರೆ, ಹೊದಿಕೆ ಹರಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಗಾಡಿಯ ಅಡಿಯಲ್ಲಿ ಕೆಸರು ಮೆತ್ತಿಕೊಂಡು ಮಲಗಿರುವ ಕಿರುಬೆರಳಿಗಿಂತ ಸಣ್ಣದಾದ ಬ್ರೇಕ್ ಪೈಪನ್ನು ನೋಡುವವರು ವಿರಳ.

ತೀರ್ಥಹಳ್ಳಿಯ ಕಡೆಯ ವಾಚಕರೊಬ್ಬರು ಈ ತಿಂಗಳು ಇದೇ ವಿಷಯವಾಗಿ ಕೇಳಿದ್ದಾರೆ. ಅವರ ಜೀಪಿನ ಬ್ರೇಕ್ ಪೈಪುಗಳು ತುಕ್ಕು ಹಿಡಿದಿವೆಯಂತೆ. ಗ್ಯಾರೇಜಿನವರು ತಾಮ್ರದ ಕೊಳವೆ ಹಾಕಿದರೆ ಸಾಕೆನ್ನುತ್ತಾರೆ; ನೆರೆಮನೆಯವರು ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕೆನ್ನುತ್ತಾರೆ; ಮಗನು ಉಕ್ಕಿನ ಜಾಲರಿ ಹೆಣೆದ ಹೊಸ ಬಗೆಯ ಹೋಸ್ ಪೈಪುಗಳನ್ನು ತರಿಸೋಣವೆನ್ನುತ್ತಾನೆ. ಇವರಲ್ಲಿ ಯಾರ ಮಾತು ಕೇಳಬೇಕು ಎಂಬುದು ಪ್ರಶ್ನೆ. ಉತ್ತರವು ಒಬ್ಬರಿಗಿಂತ ಹೆಚ್ಚು ಮಂದಿಗೆ ಉಪಯೋಗವಾದೀತೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಒಂದೇ ಕೊಳವೆಯ ಮೇಲೆ ನಾಲ್ಕು ಚಕ್ರ

ಮೊದಲು ಬ್ರೇಕು ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿಯಬೇಕು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ಪಾಸ್ಕಲನು ತೋರಿಸಿಕೊಟ್ಟನು. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲು ಒತ್ತಲ್ಪಡುತ್ತದೆ. ಆ ಒತ್ತಡವು ಕೊಳವೆಗಳ ಮೂಲಕ ಚಕ್ರಗಳಲ್ಲಿರುವ ಸಣ್ಣ ಸಿಲಿಂಡರುಗಳಿಗೆ ತಲುಪಿ, ಅಲ್ಲಿನ ಬ್ರೇಕ್ ಶೂಗಳನ್ನು ತಿರುಗುವ ಡ್ರಮ್ಮಿಗೆ ಅದುಮುತ್ತದೆ.

ಒತ್ತಡವೆಷ್ಟೆಂದು ಲೆಕ್ಕ ಹಾಕಿ ನೋಡಬಹುದು. ಕಾಲಿನ ಬಲ ಐವತ್ತು ಕಿಲೋಗ್ರಾಮೆಂದೂ, ಪೆಡಲಿನ ಸನ್ನೆಯು ಅದನ್ನು ಆರರಷ್ಟು ಹೆಚ್ಚಿಸುತ್ತದೆಂದೂ, ಸಿಲಿಂಡರಿನ ವ್ಯಾಸ ಒಂದು ಅಂಗುಲವೆಂದೂ ಇಟ್ಟುಕೊಂಡರೆ, ಕೊಳವೆಯೊಳಗೆ ಚದರ ಸೆಂಟಿಮೀಟರಿಗೆ ಸುಮಾರು ೬೦ ಕಿಲೋಗ್ರಾಂ ಒತ್ತಡ ಬೀಳುತ್ತದೆ. ಟಯರಿನೊಳಗಿನ ಗಾಳಿಯ ಒತ್ತಡ ಎರಡು ಕಿಲೋಗ್ರಾಮಿನ ಆಸುಪಾಸು. ಟಯರಿನ ಮೂವತ್ತರಷ್ಟು ಒತ್ತಡವನ್ನು ತಡೆಯತಕ್ಕ ಕೊಳವೆಯ ಗೋಡೆಯಾದರೋ ಸುಮಾರು ೦.೭ ಮಿಲಿಮೀಟರು ದಪ್ಪದ್ದು! ಅದರಲ್ಲಿ ಅರ್ಧವನ್ನು ತುಕ್ಕು ತಿಂದರೆ ಉಳಿಯುವುದೆಷ್ಟೆಂದು ಹೇಳಬೇಕಾದುದಿಲ್ಲ.

ಹಳೆಯ ಜೀಪಿಗೆ ಇನ್ನೊಂದು ವಿಶೇಷವುಂಟು. ೧೯೪೧ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾಗತೊಡಗಿದ ವಿಲ್ಲಿಸ್ ಜೀಪಿಗೆ ಇದ್ದುದು ಒಂದೇ ವಿಭಾಗದ ಮಾಸ್ಟರ್ ಸಿಲಿಂಡರು. ೧೯೫೩ರಲ್ಲಿ ಅಲ್ಲಿ ಹೊರಬಂದ ಸಿಜೆ-೩ಬಿ ಮಾದರಿಯೂ ಅದೇ ಪದ್ಧತಿಯದು. ಈ ಮಾದರಿಯನ್ನು ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯವರು, ಅಮೆರಿಕದಲ್ಲಿ ಅದು ನಿಂತುಹೋದ ಮೇಲೂ ಬಹುಕಾಲ ತಯಾರಿಸುತ್ತಿದ್ದರು. ಒಂದೇ ವಿಭಾಗವೆಂದರೆ, ನಾಲ್ಕು ಚಕ್ರಗಳ ದ್ರವವೂ ಒಂದೇ ಮನೆಯದು. ಹಿಂದಿನ ಚಕ್ರದ ಬಳಿ ಸೂಜಿಮೊನೆಯಷ್ಟು ತೂತು ಬಿದ್ದರೂ ಪೆಡಲು ನೆಲಕ್ಕೆ ಇಳಿದು ಮುಂದಿನ ಬ್ರೇಕುಗಳೂ ಇಲ್ಲವಾಗುತ್ತವೆ. ಈ ಅಪಾಯವನ್ನು ಕಂಡೇ ಅಮೆರಿಕದಲ್ಲಿ ೧೯೬೮ರಿಂದ ಹೊಸ ಕಾರುಗಳ ಬ್ರೇಕನ್ನು ಎರಡು ವಿಭಾಗ ಮಾಡಬೇಕೆಂದು ಕಾನೂನಾಯಿತು. ನಮ್ಮ ಹಳೆಯ ಜೀಪಿಗೆ ಆ ಎರಡನೆಯ ಆಸರೆಯಿಲ್ಲ. ಆದುದರಿಂದ ಅದರ ಕೊಳವೆಯನ್ನು ಆರಿಸುವಾಗ ಬೆಲೆಗಿಂತಲೂ ಹೊಳಪಿಗಿಂತಲೂ ಮುಂಚೆ ಕೇಳಬೇಕಾದುದು ಒಂದೇ ಮಾತು: ಇದು ಹೇಳದೆ ಕೇಳದೆ ಕೈಬಿಡುವಂಥದೋ, ಅಲ್ಲವೋ?

ಕೊಳವೆ ಕೆಡುವ ಬಗೆ

ನಮ್ಮ ಕಡೆ ಉಕ್ಕು ಬೇಗ ಕೆಡುವುದಕ್ಕೆ ಕಾರಣಗಳು ಹಲವು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ ಏಳು ಸಾವಿರ ಮಿಲಿಮೀಟರನ್ನು ಮೀರುತ್ತದೆ. ಮಳೆಗಾಲದುದ್ದಕ್ಕೂ ಜೀಪಿನ ಅಡಿಯ ಕೆಸರು ಒಣಗುವುದೇ ಇಲ್ಲ. ಕರಾವಳಿಯಲ್ಲಿ ಉಪ್ಪುಗಾಳಿ. ಗೊಬ್ಬರವನ್ನು ಸಾಗಿಸುವ ಗಾಡಿಯಲ್ಲಿ ಅದರ ರಸವು ಹಲಗೆಯ ಸಂದುಗಳಿಂದ ಕೆಳಗಿಳಿಯುತ್ತದೆ. ಅಡಕೆ ತೋಟದವರಿಗೆ ಮತ್ತೊಂದು ಶತ್ರುವುಂಟು, ಅದು ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಮಾಡುವಾಗ ಮೈಲುತುತ್ತದ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ನಮ್ಮವರು ಬಲ್ಲರು. ದ್ರಾವಣದಲ್ಲಿ ಹೊಳೆಯುವ ಚೂರಿಯನ್ನು ಅದ್ದಿ, ಅದರ ಮೇಲೆ ತಾಮ್ರ ಕೂರುವುದೋ ಎಂದು ಪರೀಕ್ಷಿಸುವುದನ್ನೂ ಬಲ್ಲರು. ಚೂರಿಗೆ ಆಗುವುದೇ ಬ್ರೇಕ್ ಪೈಪಿಗೂ ಆಗುತ್ತದೆ. ಜೀಪಿನಲ್ಲಿ ಡಬ್ಬ ಮಗುಚಿ ಮೈಲುತುತ್ತದ ನೀರು ಚೆಲ್ಲಿದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ಅಡಿಯನ್ನು ತೊಳೆಯತಕ್ಕದ್ದು.

ಕೊಳವೆಯು ಬಯಲಾಗಿರುವ ಕಡೆಗಿಂತ ಮರೆಯಾಗಿರುವ ಕಡೆಯಲ್ಲಿಯೇ ಮೊದಲು ಕೆಡುತ್ತದೆ. ಚಾಸಿಸಿಗೆ ಬಿಗಿದಿರುವ ಕ್ಲಿಪ್ಪುಗಳ ಹಿಂದೆ, ಹಿಂದಿನ ಅಚ್ಚಿನ ಮೇಲೆ, ಎರಡು ಕಬ್ಬಿಣಗಳ ನಡುವೆ ಕೆಸರು ನಿಲ್ಲುವ ಸಂದುಗಳಲ್ಲಿ ಬೆರಳಾಡಿಸಿ ನೋಡಬೇಕು. ಮೇಲೆ ಕೆಂಪಗೆ ಬಣ್ಣ ತಿರುಗಿದ್ದರೆ ಅದು ಎಚ್ಚರಿಕೆ; ಉಗುರಿನಿಂದ ಕೆರೆದಾಗ ಹಕ್ಕಳೆಯಾಗಿ ಎದ್ದು ಬಂದರೆ ಆ ಕೊಳವೆಯ ಆಯುಸ್ಸು ತೀರಿತು.

ಹೀಗೆ ಒಂದೆಡೆ ಕೆಟ್ಟುದು ಕಂಡಾಗ ಆ ಗೇಣುದ್ದವನ್ನು ಕತ್ತರಿಸಿ, ನಡುವೆ ಜೋಡಣೆ ಹಾಕಿ ಕೊಡುವವರಿದ್ದಾರೆ. ಇದು ಸಲ್ಲದು. ಅದೇ ಮಳೆಯಲ್ಲಿ ಅಷ್ಟೇ ವರ್ಷ ನೆನೆದ ಉಳಿದ ಭಾಗವು ಇನ್ನೆಷ್ಟು ದಿನ ಬಾಳೀತು? ನೀರಿನ ನಲ್ಲಿಗೆ ಹಾಕುವಂಥ ಉಂಗುರ ಬಿಗಿಯುವ ಜೋಡಣೆಗಳನ್ನಂತೂ ಬ್ರೇಕಿನ ಹಾದಿಯಲ್ಲಿ ಎಂದಿಗೂ ಸೇರಿಸಕೂಡದು. ಒಂದು ಜಂಟಿನಿಂದ ಮುಂದಿನ ಜಂಟಿನವರೆಗೆ ಅಖಂಡವಾದ ಕೊಳವೆ, ಸಾಧ್ಯವಾದರೆ ಇಡೀ ಗಾಡಿಗೆ ಒಮ್ಮೆಗೇ ಹೊಸದು: ಇದೇ ಕ್ರಮ.

ಯಾವ ಲೋಹ?

ಈಗ ವಾಚಕರ ಮುಖ್ಯ ಪ್ರಶ್ನೆಗೆ ಬರುತ್ತೇವೆ. ಅಂಗಡಿಗಳಲ್ಲಿ ದೊರೆಯುವವು ನಾಲ್ಕು ಬಗೆ.

ಮೊದಲನೆಯದು ತಾಮ್ರ. ಇದು ತುಕ್ಕು ಹಿಡಿಯದು, ಕೈಯಿಂದಲೇ ಬಾಗುತ್ತದೆ, ಶೀತಲಯಂತ್ರದ ಕೆಲಸದವರಲ್ಲಿ ಸುಲಭವಾಗಿ ಸಿಗುತ್ತದೆ. ಗ್ಯಾರೇಜಿನವರಿಗೆ ಇದು ಪ್ರಿಯವಾಗಿರುವುದು ಇದಕ್ಕೇ. ಆದರೆ ಶುದ್ಧ ತಾಮ್ರವು ಮೃದು. ಅದರ ಬಲ ಉಕ್ಕಿಗಿಂತ ಬಹಳ ಕಡಿಮೆ. ಅಷ್ಟೇ ಅಲ್ಲದೆ ಅದು ನಡುಗಿದಷ್ಟೂ ಗಡುಸಾಗಿ, ಕೊನೆಗೆ ಬಿರುಕುಬಿಡುವ ಸ್ವಭಾವದ್ದು. ತಾಮ್ರದ ತಂತಿಯನ್ನು ಹತ್ತಾರು ಸಲ ಹಿಂದುಮುಂದಾಗಿ ಬಗ್ಗಿಸಿದರೆ ಫಟ್ಟನೆ ಮುರಿಯುವುದನ್ನು ಮಕ್ಕಳೂ ಕಂಡಿರುತ್ತಾರೆ. ಕಲ್ಲುದಾರಿಯಲ್ಲಿ ದಿನವೂ ಅದುರುವ ಜೀಪಿಗೆ ಇದನ್ನು ಹಾಕುವುದು ಬೇಡ.

ಎರಡನೆಯದು ಉಕ್ಕು. ಕಾರ್ಖಾನೆಯವರು ಬ್ರೇಕಿಗೆಂದೇ ತಯಾರಿಸುವ ಕೊಳವೆಯು ಉಕ್ಕಿನ ತಗಡನ್ನು ಎರಡು ಸುತ್ತು ಸುತ್ತಿ, ನಡುವೆ ತಾಮ್ರದಿಂದ ಬೆಸೆದದ್ದು. ಮೇಲೆ ಸತುವಿನ ಲೇಪವಿರುತ್ತದೆ. ಉತ್ತಮ ಬಗೆಗೆ ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆಯೂ ಇರುತ್ತದೆ. ಬಲದಲ್ಲಿ ಇದಕ್ಕೆ ಕೊರತೆಯಿಲ್ಲ, ಬೆಲೆಯೂ ಮಿತ. ಲೇಪವು ಕಲ್ಲೇಟಿಗೆ ಎದ್ದುಹೋದ ಕಡೆ ತುಕ್ಕು ಶುರುವಾಗುತ್ತದೆಂಬುದೊಂದೇ ದೋಷ.

ಮೂರನೆಯದು ತಾಮ್ರ-ನಿಕ್ಕಲಿನ ಮಿಶ್ರಲೋಹ. ನೂರಕ್ಕೆ ಹತ್ತು ಪಾಲು ನಿಕ್ಕಲು, ಅತ್ಯಲ್ಪ ಕಬ್ಬಿಣ, ಉಳಿದುದು ತಾಮ್ರ. ಈ ಬೆರಕೆಯಿಂದ ತಾಮ್ರದ ದೌರ್ಬಲ್ಯವು ನೀಗಿ, ತುಕ್ಕು ಹಿಡಿಯದ ಗುಣವು ಉಳಿಯುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಸ್ವೀಡನ್ ದೇಶದ ವೋಲ್ವೋ ಕಂಪನಿಯವರು ೧೯೭೬ರಿಂದ ತಮ್ಮ ಕಾರುಗಳಿಗೆ ಇದನ್ನು ಬಳಸತೊಡಗಿದರು. ಬಾಗಿಸುವುದೂ ಬಾಯಿ ಅಗಲಿಸುವುದೂ ಸುಲಭ. ಬೆಲೆ ಉಕ್ಕಿಗಿಂತ ಹೆಚ್ಚು. ನೋಟಕ್ಕೆ ತಾಮ್ರವನ್ನೇ ಹೋಲುವುದರಿಂದ, ಹೆಸರು ಹೇಳಿ ತಾಮ್ರವನ್ನು ಕೊಟ್ಟಾರೆಂಬ ಭಯವೂ ಉಂಟು. ತಯಾರಕರ ಗುರುತು ಮತ್ತು ಲೋಹದ ವಿವರಣೆಯುಳ್ಳ ಸುರುಳಿಯನ್ನು ರಸೀತಿ ಸಹಿತವಾಗಿ ಕೊಳ್ಳಬೇಕು.

ನಾಲ್ಕನೆಯದು ಸ್ಟೇನ್‌ಲೆಸ್ ಸ್ಟೀಲು. ಬಾಳಿಕೆಯಲ್ಲಿ ಇದನ್ನು ಮೀರಿಸುವುದಿಲ್ಲ. ಆದರೆ ಬಹಳ ಗಡುಸು. ಸಾಧಾರಣ ಉಪಕರಣಗಳಿಂದ ಬಾಯಿ ಅಗಲಿಸಹೋದರೆ ಸೀಳುತ್ತದೆ; ಸೀಳದಿದ್ದರೂ ಪೀಠದ ಮೇಲೆ ಸರಿಯಾಗಿ ಕೂರದೆ ಹನಿ ಜಿನುಗುತ್ತದೆ. ತಕ್ಕ ಯಂತ್ರವೂ ಪಳಗಿದ ಕೈಯೂ ಇರುವಲ್ಲಿ ಮಾತ್ರ ಇದು ಒಳ್ಳೆಯದು.

ನಮ್ಮ ಅಭಿಪ್ರಾಯವಿಷ್ಟು: ಕೈಯಲ್ಲಿ ಹಣವಿದ್ದು, ಮಳೆನಾಡಿನಲ್ಲಿಯೋ ಕಡಲ ಕರೆಯಲ್ಲಿಯೋ ವಾಸವಾಗಿದ್ದರೆ ತಾಮ್ರ-ನಿಕ್ಕಲು, ಮಿತವ್ಯಯ ಬೇಕಾದರೆ ಹೊದಿಕೆಯುಳ್ಳ ಉಕ್ಕು. ಈ ಎರಡರಲ್ಲಿ ಯಾವುದನ್ನು ಆರಿಸಿದರೂ ತಪ್ಪಿಲ್ಲ. ಚೆನ್ನಾಗಿ ಜೋಡಿಸಿದ ಉಕ್ಕಿನ ಕೊಳವೆಯು, ಕೆಟ್ಟದಾಗಿ ಜೋಡಿಸಿದ ಸ್ಟೇನ್‌ಲೆಸ್ ಕೊಳವೆಗಿಂತ ನೂರು ಪಾಲು ಮೇಲು.

ಬಾಯಿಯೂ ನಟ್ಟೂ

ಜೋಡಣೆಯಲ್ಲಿ ಎರಡು ಸೂಕ್ಷ್ಮಗಳಿವೆ. ಕೊಳವೆಯ ತುದಿಯನ್ನು ಅಗಲಿಸಿ ಬಾಯಿ ಮಾಡುವುದನ್ನು ಗ್ಯಾರೇಜಿನವರು ಫ್ಲೇರ್ ಎನ್ನುತ್ತಾರೆ. ಅಮೆರಿಕದ ಮೂಲದ ಜೀಪಿನಲ್ಲಿ ತುತ್ತೂರಿಯಂತೆ ಅಗಲಿಸಿ, ಅಂಚನ್ನು ಮತ್ತೆ ಒಳಕ್ಕೆ ಮಡಿಸಿದ ಇಮ್ಮಡಿ ಬಾಯಿ ಇರುತ್ತದೆ. ಈಚಿನ ಹಲವು ಕಾರುಗಳಲ್ಲಿರುವುದು ಅಣಬೆಯ ತಲೆಯಂತೆ ಉಬ್ಬಿದ ಬಾಯಿ. ಒಂದರ ಪೀಠಕ್ಕೆ ಇನ್ನೊಂದು ಹೊಂದುವುದಿಲ್ಲ. ಬಿಗಿದಾಗ ಹೊಂದಿದಂತೆ ತೋರಿ, ಒತ್ತಡ ಬಿದ್ದಾಗ ಸೋರುತ್ತದೆ. ಮಡಿಸದ ಒಂಟಿ ಬಾಯಿಯನ್ನು ಬ್ರೇಕಿಗೆ ಎಂದೂ ಒಪ್ಪಬಾರದು.

ನಟ್ಟುಗಳಲ್ಲಿಯೂ ಹೀಗೆಯೇ. ೪.೭೫ ಮಿಲಿಮೀಟರು, ಅಂದರೆ ೩/೧೬ ಅಂಗುಲದ ಕೊಳವೆಗೆ ಜೀಪಿನಲ್ಲಿ ಹೊಂದುವುದು ೩/೮ ಅಂಗುಲದ, ಅಂಗುಲಕ್ಕೆ ೨೪ ಸುತ್ತಿನ ನಟ್ಟು. ಮೆಟ್ರಿಕ್ ಪದ್ಧತಿಯ ನಟ್ಟು ೧೦ ಮಿಲಿಮೀಟರು, ಸುತ್ತಿಗೆ ಒಂದು ಮಿಲಿಮೀಟರು. ೩/೮ ಅಂಗುಲವೆಂದರೆ ೯.೫ ಮಿಲಿಮೀಟರು; ಅರ್ಧ ಮಿಲಿಮೀಟರಿನ ಅಂತರವು ಕಣ್ಣಿಗೆ ತೋರುವುದಿಲ್ಲ. ದೊಡ್ಡದನ್ನು ಸಣ್ಣ ರಂಧ್ರಕ್ಕೆ ಬಲವಂತವಾಗಿ ತಿರುಗಿಸಿದರೆ ಥ್ರೆಡ್ಡು ಹಾಳು. ಸಣ್ಣದನ್ನು ದೊಡ್ಡದಕ್ಕೆ ಹಾಕಿದರೆ ಎರಡು ಸುತ್ತು ಹಿಡಿದಂತೆ ನಟಿಸಿ ಒತ್ತಡಕ್ಕೆ ಕಿತ್ತುಬರುತ್ತದೆ. ಹಿಂದಿನ ಮಾಲಿಕರು ಸಿಲಿಂಡರನ್ನು ಬದಲಿಸಿದ್ದರೆ ಒಂದೇ ಗಾಡಿಯಲ್ಲಿ ಎರಡೂ ಬಗೆ ಇರುವುದುಂಟು. ಆದುದರಿಂದ ಹಳೆಯ ಕೊಳವೆಗಳನ್ನು ಬಿಸಾಡದೆ, ಒಂದೊಂದಕ್ಕೂ ಚೀಟಿ ಕಟ್ಟಿ, ನಟ್ಟನ್ನೂ ಬಾಯನ್ನೂ ಉದ್ದವನ್ನೂ ಅದಕ್ಕೆ ಹೋಲಿಸಿಯೇ ಹೊಸದನ್ನು ಮಾಡಿಸಬೇಕು. ಹೊಸ ನಟ್ಟು ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುಗಬೇಕು; ತಿರುಗದಿದ್ದರೆ ಅದು ಆ ಜಾಗದ್ದಲ್ಲ.

ಕೊಳವೆಯನ್ನು ಹಳೆಯದು ಹೋದ ಹಾದಿಯಲ್ಲಿಯೇ ಒಯ್ಯುವುದು ಕ್ಷೇಮ. ಸೈಲೆನ್ಸರಿನ ಬಿಸಿಗೆ ಸಮೀಪವಾಗಬಾರದು, ಚಾಸಿಸಿನ ಕೆಳಗೆ ಜೋತು ಕಲ್ಲಿಗೆ ತಾಗಬಾರದು, ಕ್ಲಿಪ್ಪಿಲ್ಲದೆ ಅಲುಗಾಡಬಾರದು. ಅಚ್ಚಿನ ಮೇಲೆ ಹೋಗುವ ಭಾಗಕ್ಕೆ ತಂತಿಯ ಸುರುಳಿಯ ಕವಚ ತೊಡಿಸಿದರೆ ಮೃದುವಾದ ತಾಮ್ರ-ನಿಕ್ಕಲಿಗೂ ಗಾಯವಾಗದು.

ಹೋಸ್ ಪೈಪುಗಳ ವಿಚಾರ

ಚಾಸಿಸಿಗೂ ಅಚ್ಚಿಗೂ ನಡುವೆ ಮತ್ತು ಮುಂದಿನ ಚಕ್ರಗಳ ಬಳಿ ಬಾಗುವ ರಬ್ಬರಿನ ಹೋಸುಗಳಿರುತ್ತವೆ. ಉಕ್ಕಿನ ಕೊಳವೆ ಬದಲಿಸುವಾಗ ಇವನ್ನೂ ಬದಲಿಸತಕ್ಕದ್ದು. ಹೊರಗೆ ಬಿರುಕು ಕಂಡರೆ ಸರಿ, ಎಲ್ಲರಿಗೂ ತಿಳಿಯುತ್ತದೆ. ಕೆಲವು ವೇಳೆ ಹೊರಗೆ ನೆಟ್ಟಗಿದ್ದು ಒಳಗೇ ಊದಿಕೊಳ್ಳುತ್ತವೆ. ಆಗ ತುಳಿದ ಒತ್ತಡವು ಚಕ್ರಕ್ಕೆ ಹೋಗುತ್ತದೆ, ಕಾಲು ತೆಗೆದ ಮೇಲೆ ಹಿಂದಿರುಗುವುದಿಲ್ಲ. ಗಾಡಿಯು ಒಂದು ಪಕ್ಕಕ್ಕೆ ಎಳೆಯುತ್ತದೆ, ಒಂದು ಡ್ರಮ್ಮು ಮಾತ್ರ ಸುಡುತ್ತದೆ. ಡ್ರಮ್ಮಿನಲ್ಲಿ ದೋಷ ಹುಡುಕಿ ಹಣ ಕಳೆಯುವ ಮೊದಲು ಹೋಸನ್ನು ಶಂಕಿಸಬೇಕು.

ಜಾಲರಿ ಹೆಣೆದ ಹೋಸು ಒತ್ತಡಕ್ಕೆ ಕಡಿಮೆ ಹಿಗ್ಗುವುದರಿಂದ ಪೆಡಲು ಗಟ್ಟಿಯಾಗಿರುವುದು ನಿಜ. ಆದರೆ ಜಾಲರಿಯ ಸಂದಿನಲ್ಲಿ ಸೇರಿದ ಮರಳು ಒಳಗಿನ ನಳಿಕೆಯನ್ನು ತೇಯುತ್ತದೆ. ಒಳಗಿನ ಕೇಡು ಹೊರಗೆ ಕಾಣುವುದೂ ಇಲ್ಲ. ಬೇಕೆಂದವರು ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುವುದನ್ನೇ ಕೊಳ್ಳಲಿ. ನಮ್ಮ ಕೆಸರುದಾರಿಗೆ, ತಯಾರಕರ ಹೆಸರೂ ತಯಾರಾದ ಕಾಲವೂ ಅಚ್ಚಾಗಿರುವ ಒಳ್ಳೆಯ ರಬ್ಬರಿನ ಹೋಸು ಧಾರಾಳವಾಗಿ ಸಾಕು. ಪಟ್ಟಿಗಳನ್ನು ಬದಲಿಸಿ ಗಾಡಿಯನ್ನು ಎತ್ತರ ಮಾಡಿಸಿದ್ದರೆ ಹೋಸಿನ ಉದ್ದವೂ ಹೆಚ್ಚಬೇಕು. ಚಕ್ರ ಪೂರ್ತಿ ಕೆಳಗೆ ಜೋತಾಗಲೂ, ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿದಾಗಲೂ ಹೋಸು ಬಿಗಿಯಬಾರದು, ಟಯರಿಗೆ ಒರೆಸಬಾರದು.

ಆಯಿಲು ಮತ್ತು ಪರೀಕ್ಷೆ

ಬ್ರೇಕ್ ಆಯಿಲೆಂದು ಕರೆದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುವ ಒಂದು ರಾಸಾಯನಿಕ ದ್ರವ. ಡಾಟ್ ೩ ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠಪಕ್ಷ ೨೦೫ ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ ದರ್ಜೆಗೆ ಇವು ೨೩೦ ಮತ್ತು ೧೫೫. ಘಟ್ಟವಿಳಿಯುವಾಗ ಬ್ರೇಕು ಕಾದು ಈ ದ್ರವವು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೆದ್ದು ಪೆಡಲು ಸೊರಗುತ್ತದೆ. ತೇವವು ಕೊಳವೆಯನ್ನು ಒಳಗಿನಿಂದಲೂ ತುಕ್ಕು ಹಿಡಿಸುತ್ತದೆ. ಆದಕಾರಣ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಬಾಯಿ ತೆರೆದು ಬಹುಕಾಲವಾದ ಡಬ್ಬಿಯದನ್ನು ಹಾಕಬಾರದು. ಎಂಜಿನ್ ಆಯಿಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ತೊಟ್ಟೂ ಸೇರಿಸಬಾರದು. ಅವು ಒಳಗಿನ ರಬ್ಬರನ್ನು ಊದಿಸಿ ಇಡೀ ವ್ಯವಸ್ಥೆಯನ್ನು ಕೆಡಿಸುತ್ತವೆ.

ಹೊಸ ಕೊಳವೆಗಳನ್ನು ಹಾಕಿ, ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಮೊದಲುಮಾಡಿ ಏರ್ ತೆಗೆದ ಮೇಲೆ, ಗೃಹಸ್ಥನು ಎದುರಿಗೆ ನಿಂತು ಒಂದು ಪರೀಕ್ಷೆ ಮಾಡಿಸಬೇಕು. ಒಬ್ಬರು ಪೆಡಲನ್ನು ಬಲವಾಗಿ ತುಳಿದು ಒಂದು ನಿಮಿಷ ಹಾಗೆಯೇ ಹಿಡಿಯಲಿ. ಮತ್ತೊಬ್ಬರು ಬ್ಯಾಟರಿ ಹಿಡಿದು ಪ್ರತಿ ಜಂಟಿಯನ್ನೂ ಒಣಬಟ್ಟೆಯಿಂದ ಒರೆಸಿ ನೋಡಲಿ. ಪೆಡಲು ಮೆಲ್ಲನೆ ಇಳಿಯಬಾರದು, ಬಟ್ಟೆ ತೇವವಾಗಬಾರದು. ಬಳಿಕ ಮಟ್ಟಸವಾದ ಬಯಲಿನಲ್ಲಿ ಓಡಿಸಿ ನೋಡಿ, ಮರುದಿನ ಜಂಟಿಗಳನ್ನು ಇನ್ನೊಮ್ಮೆ ಒರೆಸಿ ನೋಡಿದ ಮೇಲೆಯೇ ಘಟ್ಟಕ್ಕೆ ಇಳಿಸತಕ್ಕದ್ದು.

ಕೊಳವೆಗಳನ್ನೆಲ್ಲ ಹೇಗೂ ಬಿಚ್ಚುವಾಗ, ಎರಡು ವಿಭಾಗದ ಮಾಸ್ಟರ್ ಸಿಲಿಂಡರನ್ನು ಕೂಡಿಸಬಹುದೇ ಎಂದು ಬಲ್ಲ ಮೇಸ್ತ್ರಿಯಲ್ಲಿ ವಿಚಾರಿಸಬೇಕು. ಆಗ ಮುಂದಿನ ಎರಡು ಚಕ್ರಕ್ಕೆ ಒಂದು ಹಾದಿ, ಹಿಂದಿನವಕ್ಕೆ ಒಂದು ಹಾದಿಯಾಗಿ, ಒಂದು ಒಡೆದರೂ ಇನ್ನೊಂದು ಗಾಡಿಯನ್ನು ನಿಲ್ಲಿಸುತ್ತದೆ. ವೆಚ್ಚವು ಹೆಚ್ಚಾದರೂ, ಹಣ ಹಾಕಲು ಇದಕ್ಕಿಂತ ಸಾರ್ಥಕವಾದ ಜಾಗ ಆ ಗಾಡಿಯಲ್ಲಿ ಮತ್ತೊಂದಿಲ್ಲ. ಹಳೆಯ ಜೀಪಿನ ಹ್ಯಾಂಡ್ ಬ್ರೇಕು ಈ ಕೊಳವೆಗಳಿಗೆ ಸೇರದೆ, ಹಿಂದಿನ ಚಕ್ರಗಳಿಗೆ ಹೋಗುವ ತಿರುಗುದಂಡವನ್ನು ಹಿಡಿಯುವಂಥದು. ಪೆಡಲು ಕೈಕೊಟ್ಟ ಗಳಿಗೆಯಲ್ಲಿ ಕಡಿಮೆ ಗಿಯರೂ ಅದೂ ಉಳಿದ ಆಸರೆಗಳು; ಅದನ್ನೂ ಸುಸ್ಥಿತಿಯಲ್ಲಿಡಬೇಕು.

ಮನೆಯವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಿಂಗಳಿಗೊಮ್ಮೆ ಆಯಿಲಿನ ಮಟ್ಟ ನೋಡುವುದು. ಇಳಿದಿದ್ದರೆ ತುಂಬಿಸಿ ಸುಮ್ಮನಾಗದೆ, ಹೋದುದೆಲ್ಲಿಗೆಂದು ಹುಡುಕುವುದು. ಬೆಳಗ್ಗೆ ಗಾಡಿ ತೆಗೆದ ಜಾಗದಲ್ಲಿ ಚಕ್ರದ ಬಳಿ ತೇವವಿದೆಯೇ ಎಂದು ಕಣ್ಣಾಡಿಸುವುದು. ಮಳೆಗಾಲ ಮುಗಿದೊಡನೆ ಅಡಿಯನ್ನು ತೊಳೆಯಿಸಿ ಕ್ಲಿಪ್ಪುಗಳ ಹಿಂದೆ ನೋಡಿಸುವುದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಿದೆ. ಒಲೆಯ ವಿಷಯದಲ್ಲಿ ನಷ್ಟವಾಗುವುದು ಸೌದೆ ಮಾತ್ರ. ಘಟ್ಟದ ತಿರುವಿನಲ್ಲಿ ತಡವಾಗಿ ಬಂದ ಬುದ್ಧಿ ಯಾರ ಪ್ರಯೋಜನಕ್ಕೂ ಬಾರದು. ವಾಚಕರು ಬರುವ ಮಳೆಗಾಲಕ್ಕೆ ಮುಂಚೆಯೇ ಈ ಕೆಲಸವನ್ನು ಮುಗಿಸಿಕೊಳ್ಳಲೆಂದು ಹಾರೈಸುತ್ತೇವೆ.